ಶೇಷ ನುಂಗಿದ ಕೊಟ್ರ

ಒಂದು ಸೊನ್ನೆ ನುಂಗಿದರೆ ಏನಾಗುತ್ತೆ, ಹೇಳಿ ನೋಡೋಣ? ಹೊಟ್ಟೆನೋವೇ? ಅಲ್ಲ. ತೇಗೇ? ಅದೂ ಅಲ್ಲ. ಸೋತಿರಾ? ಹಾಗಾದರೆ ಕೇಳಿ.

ಹಾಲವ್ವನಿಗೆ ಒಬ್ಬನೇ ಮಗ, ಕೊಟ್ರ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ತಾಯಿಗೆ ಅದೇ ತಲೆನೋವು. "ಇವನಿಗೆ ಹೆಣ್ಣು ಕೊಡೋರು ಯಾರಪ್ಪಾ!" ಅಂತ ಹಣೆ ಚಚ್ಚಿಕೊಳ್ಳುತ್ತಿದ್ದಾಗ ಪಕ್ಕದೂರಿನ ಸಿದ್ರಾಮ ಮೇಷ್ಟ್ರು, "ನಾನು ಕೊಡ್ತೀನಿ" ಅಂದರು. ಆದರೆ ಅವರ ಮನೆತನದ್ದೊಂದು ಪದ್ಧತಿ. ವರ ತಂದ ಶೇಂಗಾ ಉಂಡೆಯನ್ನು ಅವನೇ ನೆಂಟರ ಮನೆಗಳಿಗೆಲ್ಲ ಸಮನಾಗಿ ಹಂಚಬೇಕು. ಹೆಚ್ಚುಕಮ್ಮಿ ಆಯಿತೋ, ಹೆಣ್ಣಿಲ್ಲ! ಮೂರೇ ಸಲ ಅವಕಾಶ.

"ಎಷ್ಟು ಮನೆಯೋರು ಬರ್ತಾರೆ ಮೇಷ್ಟ್ರೇ?"

"ಒಂದೂ ಬರಬಹುದು, ಹತ್ತೂ ಬರಬಹುದು. ಎರಡು ಸಾವಿರದ ಐನೂರ ಇಪ್ಪತ್ತು ಕಟ್ಟು ತಾಯಿ, ಎಷ್ಟು ಮನೆ ಬಂದ್ರೂ ಸರಿಹೋಗುತ್ತೆ!"

ಎಂಥಾ ಸಂಖ್ಯೆ ಅಂತೀರಿ! ಒಂದರಿಂದ ಹತ್ತರ ತನಕ ಯಾವುದರಿಂದ ಬೇಕಾದರೂ ಭಾಗಿಸಿ, ಶೇಷವೇ ಇಲ್ಲ. ಸೊನ್ನೆಯನ್ನು ಬಿಟ್ಟರೆ, ಇದಕ್ಕಿಂತ ಚಿಕ್ಕದಾದ ಯಾವ ಸಂಖ್ಯೆಗೂ ಆ ಯೋಗ್ಯತೆ ಇಲ್ಲ. ಆ ಸೊನ್ನೆಯ ವಿಚಾರ ಆಮೇಲೆ.

"ಉಂಡೆ ಚೆನ್ನಾಗಿವೆಯಾ ಅಂತ ದಾರೀಲಿ ನೋಡ್ಕೊಂಡು ಹೋಗೋ" ಅಂದಳು ಹಾಲವ್ವ.

"ಆಗಲಿ ಅವ್ವ!"

ನೋಡಿದ. ಬಾಯಲ್ಲಿ ಹಾಕ್ಕೊಂಡೇ ನೋಡಿದ! ಬಂದದ್ದು ಒಂಬತ್ತು ಮನೆ. ಎಂಟಕ್ಕೆ ತಲಾ ಇನ್ನೂರ ಎಂಬತ್ತು, ಒಂಬತ್ತನೆಯದಕ್ಕೆ ಒಂದು ಕಮ್ಮಿ. "ನಾವೇನು ಬಿಟ್ಟಿ ಬಿದ್ದಿದೀವಾ?" ಅಂತ ಅವರು ಎದ್ದು ನಡೆದರು.

"ಅಯ್ಯೋ ಪೆದ್ದೇ! ಬೇಕಾದ್ರೆ ಒಂದು ಸೇರಿಸು, ತೆಗೀಬೇಡ!"

"ಆಗಲಿ ಅವ್ವ!"

ಎರಡನೇ ಸಲ, ಸಂತೆಯಲ್ಲಿ ಒಂದು ಉಂಡೆ ಕೊಂಡು ಸೇರಿಸಿಯೇಬಿಟ್ಟ! ಈ ಎರಡು ಸಾವಿರದ ಐನೂರ ಇಪ್ಪತ್ತೊಂದು ಇದೆಯಲ್ಲ, ಅದು ಮಹಾ ಹಟಮಾರಿ. ತನ್ನನ್ನೂ ಒಂದನ್ನೂ ಬಿಟ್ಟರೆ ಯಾರಿಗೂ ಬಗ್ಗದ ಅವಿಭಾಜ್ಯ! ಏಳು ಮನೆಗೆ ಮುನ್ನೂರ ಅರವತ್ತರಂತೆ ಹಂಚಿದ, ಒಂದು ಉಳಿಯಿತು. "ನಮಗೆ!" "ನಮಗೆ!" ಅಂತ ಜಗಳವೋ ಜಗಳ.

"ಲೋ, ಶೇಷ ಅಂತ ಕಂಡ್ರೆ ಅಲ್ಲೇ ನುಂಗಿಬಿಡಬಾರದೇನೋ! ಇನ್ನೊಂದೇ ಸಲ ಕಣೋ ಉಳಿದಿರೋದು!"

"ಆಗಲಿ ಅವ್ವ!"

ಮೂರನೇ ಸಲ ಹಾಲವ್ವ ತಾನೇ ಜೊತೆಗೆ ಹೋದಳು. ಒಂದು ಕಮ್ಮಿಯಿಲ್ಲ, ಒಂದು ಹೆಚ್ಚಿಲ್ಲ. ಎಂಟು ಮನೆ, ತಲಾ ಮುನ್ನೂರ ಹದಿನೈದು. ಬುಟ್ಟಿ ಖಾಲಿ!

"ಶೇಷ ಸೊನ್ನೆ! ಗೆದ್ದೆಯಪ್ಪಾ ಅಳಿಯಾ!" ಅಂತ ಮೇಷ್ಟ್ರು ಕುಣಿದರು. ಆ ಹುರುಪಿನಲ್ಲೇ ಸ್ಲೇಟಿನ ಮೇಲೆ ದಪ್ಪಕ್ಕೆ ಬರೆದರು: 'ಲಗ್ನ, ಮೇ ೨೦.'

ಕೊಟ್ರ ಯೋಚಿಸಿದ. ಶೇಷ ಸೊನ್ನೆಯಂತೆ. ಶೇಷ ಕಂಡರೆ ನುಂಗಬೇಕಂತೆ. ಸೊನ್ನೆ ಎಲ್ಲಿ? ಅಗೋ, ಸ್ಲೇಟಿನ ಮೇಲೆ! ನಾಲಗೆ ಚಾಚಿ, ಲೊಟ್ಟನೆ ನೆಕ್ಕಿ ನುಂಗಿದ!

"ಕೆಟ್ಟೆನಪ್ಪೋ!" ಅಂತ ಹಾಲವ್ವ ಕೂತೇಬಿಟ್ಟಳು. ಹೆಣ್ಣು ದಾಕ್ಷಾಯಣಿ ಮಾತ್ರ ಬಿದ್ದು ಬಿದ್ದು ನಕ್ಕಳು.

"ಅಪ್ಪಾ, ಸ್ಲೇಟಿನ ಮೇಲಿದ್ದದ್ದೇ ಲೆಕ್ಕ ಅಂತ ನೀನೇ ಅಲ್ವಾ ಹೇಳೋದು? ಎರಡೇ ಇರಲಿ ಬಿಡು!"

ಮುಹೂರ್ತ ನೋಡೋಕೆ ಬಂದಿದ್ದ ಅಯ್ನೋರು ಪಂಚಾಂಗ ಬಿಚ್ಚಿದರು. "ಎರಡನೇ ತಾರೀಖು ಅಕ್ಷಯ ತದಿಗೆ ಕಣ್ರೀ! ಹುಡುಗ ನುಂಗಿದ್ದೇ ಸರಿ!"

ಒಂದು ಸೊನ್ನೆ ನುಂಗಿದರೆ ಏನಾಗುತ್ತೆ ಅಂದಿರಾ? ಹದಿನೆಂಟು ದಿನ ಮೊದಲೇ ಮದುವೆ ಆಗುತ್ತೆ! ಆಯಿತು ಕೂಡ, ಸಾವಿರದ ಒಂಬೈನೂರ ಐವತ್ತೇಳನೇ ಇಸವಿ, ಮೇ ಎರಡು, ಗುರುವಾರ.