ಊದುದೀಪದ ಕಟ್ಟೆ

ಕಡ್ಲಿಹಾಳದ ಊದುದೀಪದ ಕಟ್ಟೆಯ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಸೋದರತ್ತೆ ಚನ್ನವೀರವ್ವನವರು. ಊರ ಅಗಸಿಬಾಗಿಲು ದಾಟಿ ಒಳಬಂದರೆ ಬೇವಿನ ಮರದಡಿ ಆ ಕಟ್ಟೆ ಇಂದಿಗೂ ಇದೆ. ನಡುವೆ ಒಂದು ದುಂಡು ಚಪ್ಪಡಿ. ಅದರ ಕೆಳಗೆ ಹಳೆಯ ಹಗೇವು, ಅಂದರೆ ಹಿರಿಯರು ಜೋಳ ತುಂಬಿಡುತ್ತಿದ್ದ, ಬಾಯಿ ಕಿರಿದಾಗಿ ಹೊಟ್ಟೆ ದೊಡ್ಡದಾದ ನೆಲದೊಳಗಿನ ಕಣಜ. ಸಂಜೆ ಊರಿನ ಹೆಣ್ಣುಮಗಳೊಬ್ಬಳು ಅಲ್ಲಿ ಹಣತೆ ಹಚ್ಚಿ, ಕೈಮುಗಿದು, ಅದನ್ನು ಬಾಯಿಂದ ಊದಿ ಆರಿಸುತ್ತಾಳೆ, ಮತ್ತೆ ಹಚ್ಚುತ್ತಾಳೆ. ದೀಪಕ್ಕೆ ಎಂಜಲುಸಿರು ತಾಗಬಾರದೆಂದು ಕಲಿತು ಬೆಳೆದವರು ಇದನ್ನು ಕಂಡು ಬೆಚ್ಚುತ್ತಾರೆ. ಕಥೆ ಕೇಳಿದ ಮೇಲೆ ಇನ್ನೂ ಹೆಚ್ಚು ಬೆಚ್ಚುತ್ತಾರೆ.

ಹಿಂದೆ ಒಮ್ಮೆ, ರಾಜ್ಯ ಕೈಬದಲಾಗಿ ನಾಡಿಗೆ ದಿಕ್ಕಿಲ್ಲದಂತಾದಾಗ, ಹತ್ತಿ ಹಿಂಜಿ ಗಾದಿ ಹೊಲಿಯುವ ಪಿಂಜಾರರನ್ನು ಊರೂರು ಹುಡುಕಿ ಕೊಲ್ಲುತ್ತಿದ್ದರಂತೆ. ಬೇರೆ ದೇವರಿಗೆ ನಡೆದುಕೊಳ್ಳುವವರು ಎಂಬುದೊಂದೇ ಅವರ ತಪ್ಪು. ಆಸರೆ ಕೊಟ್ಟವರ ಮನೆಗೂ ಬೆಂಕಿ ಬೀಳುತ್ತಿತ್ತು. ಆದರೂ ಈ ಊರಿನ ಒಕ್ಕಲತಿ ಹಂಪವ್ವ, ಮುದುಕಿ ಹುಸೇನವ್ವನನ್ನೂ ಅವಳ ಸೊಸೆ ಮೊಮ್ಮಕ್ಕಳನ್ನೂ ಬರಿದಾದ ತನ್ನ ಹಗೇವಿನಲ್ಲಿ ಇಳಿಸಿ, ಗಾಳಿಯಾಡಲು ಚಪ್ಪಡಿಯ ಅಂಚಿಗೆ ಸಂದು ಬಿಟ್ಟು, ಮೇಲೆ ಜೋಳದ ದಂಟಿನ ಕಣಿಕೆ ಹರಡಿದಳು ಎನ್ನುತ್ತಾರೆ.

ಮರುದಿನ ಬಿಸಿಲೇರುವ ಹೊತ್ತಿಗೆ ಕೊಡಲಿ ಹಿಡಿದವರು ಬಂದರು. ಅವರೆಲ್ಲ ಪಕ್ಕದ ಊರಿನವರೇ; ತಮ್ಮ ಗಾದಿ ಹೊಲಿದ ಕೈಗಳನ್ನೇ ಕಡಿಯಲು ಬಂದಿದ್ದರು. ಕಣಿಕೆ ಸರಿಸಿ ಚಪ್ಪಡಿಗೆ ಕೈ ಹಾಕಿದರು.

"ಬ್ಯಾಡೋ ಯಪ್ಪಾ, ಒಳಗ ವಿಷಗಾಳಿ ತುಂಬೇತಿ," ಎಂದು ಹಂಪವ್ವ ಸುಳ್ಳಾಡಿದಳು.

"ನಮಗ ಹಗೇವು ಕಲಿಸ್ತೀಯೇನ ಯವ್ವಾ? ದೀಪ ಬಿಡೂಣು, ಅದ ಹೇಳತೈತಿ," ಎಂದನೊಬ್ಬ.

ಹಗೇವಿಗೆ ಇಳಿಯುವ ಮುನ್ನ ಹಗ್ಗಕ್ಕೆ ದೀಪ ಕಟ್ಟಿ ಬಿಡುವುದು ಒಕ್ಕಲಿಗರ ರೂಢಿ. ಉರಿದರೆ ಇಳಿಯಬಹುದು, ಆರಿದರೆ ಇಳಿದವನು ಹೆಣ. ಚಪ್ಪಡಿ ಸರಿಸಿ ಬಿಟ್ಟ ದೀಪ ಹಗೇವಿನ ಕೊರಳು ದಾಟಿ ಕತ್ತಲಿಗಿಳಿಯಿತು, ಫಕ್ಕನೆ ಆರಿತು.

"ಇದರಾಗ ಇಲಿನೂ ಬದುಕೂದಿಲ್ಲ, ನಡೀರಪೋ."

ಅವರು ಹೋದರು. ಹಂಪವ್ವ ಕಲ್ಲಾಗಿ ನಿಂತಿದ್ದಳು. ಆಡಿದ ಸುಳ್ಳು ನಿಜವಾಗಿತ್ತು. ಕಾಪಾಡುತ್ತೇನೆಂದು ತಾನೇ ಅವರನ್ನು ಹೂತಿದ್ದಳೇ? ಗದ್ದಲ ಅಗಸಿ ದಾಟುವವರೆಗೆ ಅಳುವಂತೆಯೂ ಇರಲಿಲ್ಲ. ಆಮೇಲೆ ಹಗೇವಿನ ಬಾಯಿಗೆ ಬೋರಲಾಗಿ ಬಿದ್ದು, "ಹುಸೇನವ್ವಾ!" ಎಂದು ಚೀರಿದಳು.

ಕೆಳಗಿನಿಂದ ಅಂಜಿದ ದನಿ ಬಂತು: "ಸಿಟ್ಟಾಗಬ್ಯಾಡ ಹಂಪವ್ವ. ನಿಮ್ಮ ಮಂದಿ ದೀಪಾನ ಬಾಯಿಲೆ ಊದೇನಿ. ತಪ್ಪಾತು."

"ಸುಡಲಿ ನಿನ್ನ ಬಾಯಿ! ಅದರ ಜೋಡಿ ನನ್ನ ಜೀವಾನೂ ಊದಿಬಿಟ್ಟಿದ್ದೆಲ್ಲೇ," ಎಂದು ಹಂಪವ್ವ ಅಳುತ್ತಲೇ ನಕ್ಕಳಂತೆ. ಆ ಸಂಜೆ ಚಪ್ಪಡಿಯ ಮೇಲೆ ದೀಪವಿಟ್ಟು, ತಾನೂ ಊದಿ ಆರಿಸಿ, ಮತ್ತೆ ಹಚ್ಚಿದಳು. "ಇದು ತಪ್ಪಾದರ ಇಬ್ಬರದೂ ತಪ್ಪಿರಲಿ, ಶಿವನೇ," ಎಂದಳು.

ಇಂದಿಗೂ ಕಟ್ಟೆಯ ಮೇಲೆ ಆರಿದ ಬತ್ತಿಯ ಹೊಗೆ ಏಳುವುದನ್ನೂ, ಅದೇ ಹಣತೆ ಮತ್ತೆ ಬೆಳಗುವುದನ್ನೂ ಕಾಣಬಹುದು. ನೋಡಿದವರು ಮನೆಗೆ ಹೋಗಿ ಮಕ್ಕಳಿಗೆ ಹೇಳಬೇಕು. ಹೇಳುವಾಗ, ಕೊಡಲಿ ಹಿಡಿದು ಬಂದವರು ದೂರದೇಶದವರೆಂದು ಮಾತ್ರ ಹೇಳಬೇಡಿ. ಆ ರಾತ್ರಿಯೂ ಅವರು ಮಲಗಿದ್ದು ಹುಸೇನವ್ವ ಹೊಲಿದ ಗಾದಿಗಳ ಮೇಲೆಯೇ.