ಓಬಳೇಶನ ಲಸಿಕೆ ಪುರಾವೆ

ಚಳ್ಳಕೆರೆ ಬಸ್ ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ ಒಗ್ಗರಣೆ ಮಾರೋ ತಿಪ್ಪಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬ ಮಗ ಓಬಳೇಶ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು. ಹಾಲು ಉಕ್ಕುತ್ತೆ ನೋಡ್ಕೊಳ್ಳೋ ಅಂದರೆ, ಉಕ್ಕಿ ಒಲೆ ಆರುವ ತನಕ ನೋಡಿಕೊಂಡು ಕೂರುವವನು. ಇಂಥವನು ಡಾಕ್ಟರ್ ಓದಿಗೆ ಹೇಗೆ ಸೇರಿದ ಅಂತ ಕೇಳುತ್ತೀರಾ? ಹೇಳಿದ್ದನ್ನು ಹೇಳಿದ ಹಾಗೆ ಬರೆದೇ ಸೇರಿದ. ಹಾಗೆ ಬರೆದರೆ ಜಾಣ ಅನ್ನುತ್ತಾರೆ, ಹಾಗೆ ಮಾಡಿದರೆ ಪೆದ್ದ ಅನ್ನುತ್ತಾರೆ. ಇದ್ಯಾವ ನ್ಯಾಯವೋ ನನಗಂತೂ ಗೊತ್ತಿಲ್ಲ.

ಓಬಳೇಶನಿಗೆ ಮಕ್ಕಳ ಡಾಕ್ಟರಾಗಬೇಕು ಅಂತ ಆಸೆ. ಎರಡು ಜಿಲ್ಲೆ ಆಚೆ ಒಂದು ದೊಡ್ಡ ಮಕ್ಕಳ ಆಸ್ಪತ್ರೆ. ಬೇರೆ ಕಾಲೇಜಿನ ಹುಡುಗರಿಗೂ ಅಲ್ಲಿ ಒಂದು ತಿಂಗಳು ಕಲಿಯಲು ಬಿಡುತ್ತಾರೆ. ಈ ಸಲ ಇದ್ದದ್ದು ಒಂದೇ ಜಾಗ, ಅದು ಇವನಿಗೇ ಸಿಕ್ಕಿತು. ಆದರೆ ಲಸಿಕೆ ಹಾಕಿಸಿಕೊಂಡಿದ್ದಕ್ಕೆ ಪುರಾವೆ ಕೊಡಬೇಕು. ತಿಂಗಳ ಕೊನೆಯೊಳಗೆ ಕೊಡದಿದ್ದರೆ ಜಾಗ ಬೇರೆಯವರ ಪಾಲು.

ಓಬಳೇಶ ಬಸ್ಸು ಹತ್ತಿದ. ಆಸ್ಪತ್ರೆಯ ಕಿಟಕಿಯಲ್ಲಿ ಫಣಿರಾಜ ಅಂತ ಗುಮಾಸ್ತರು ಕೂತಿದ್ದರು.

"ಲಸಿಕೆ ಹಾಕಿಸಿದ್ದಕ್ಕೆ ಪುರಾವೆ ಎಲ್ಲಿ? ತೋರಿಸು," ಅಂದರು.

ಓಬಳೇಶ ಅಲ್ಲೇ ಅಂಗಿ ಬಿಚ್ಚಿದ. ಎಡತೋಳನ್ನು ಕಿಟಕಿಯೊಳಗೆ ತೂರಿಸಿದ. "ನೋಡಿ ಸಾರ್, ಹುಟ್ಟಿದಾಗ ಹಾಕಿದ ಬಿಸಿಜಿ ಕಲೆ. ಮುಟ್ಟಿ ನೋಡಿ, ಅಳಿಸೋದಲ್ಲ."

"ಏ, ತೆಗಿಯಯ್ಯ ಕೈನ! ಇದೇನು ಗರಡಿಮನೆಯಾ? ನಿನ್ನ ಮೈ ಯಾರಿಗೆ ಬೇಕು? ಮೈ ತೋರಿಸಬೇಡ, ಕಾಗದ ತೋರಿಸು. ಹಳೇ ಕಾರ್ಡ್ ಇಲ್ಲ ಅಂದ್ರೆ ರಕ್ತ ಪರೀಕ್ಷೆ ಮಾಡಿಸು, ಟಿಬಿ ಪರೀಕ್ಷೆ ಮಾಡಿಸು, ಬಾಕಿ ಇರೋ ಲಸಿಕೆ ಹಾಕಿಸು. ಎಲ್ಲಾ ಕಾಗದದ ಮೇಲೆ ಬರಬೇಕು."

ನನಗೆ ಸಿಟ್ಟು ಬರುವುದು ಇಲ್ಲೇ. ಮೈಮೇಲಿನ ಕಲೆ ಸುಳ್ಳು ಹೇಳುತ್ತದಾ? ಹೇಳಲ್ಲ. ಕಾಗದ ಹೇಳುತ್ತದಾ? ಬೇಕಾದಷ್ಟು ಹೇಳುತ್ತದೆ. ಆದರೂ ಇವರಿಗೆ ಕಾಗದವೇ ಆಗಬೇಕು.

ಓಬಳೇಶ ಊರಿಗೆ ವಾಪಸ್ ಬಂದ. ತಿಪ್ಪಮ್ಮ ಹಣೆ ಹಣೆ ಚಚ್ಚಿಕೊಂಡಳು.

"ನೀನು ಕೂಸಾಗಿದ್ದಾಗ ಲಸಿಕೆ ಬರೆಸಿದ್ದ ತಾಯಿ ಕಾರ್ಡು ಗೆದ್ದಲು ತಿಂದು ಹೋತು ಕಣೋ. ಅಂಗಿ ಯಾಕ್ಲಾ ಬಿಚ್ಚಿದೆ ಅಷ್ಟು ಜನರ ಮುಂದೆ? ಇನ್ನು ಯಾರು ಕೇಳಿದ್ರೂ ಮೈ ತೋರಿಸಬೇಡ, ಕಾಗದ ತೋರಿಸು."

"ಆಗಲವ್ವ," ಅಂದ ಓಬಳೇಶ.

ಊರಿನ ಆರೋಗ್ಯ ಕೇಂದ್ರಕ್ಕೆ ಹೋದ. ಅಲ್ಲಿ ಅನ್ನಪೂರ್ಣ ಸಿಸ್ಟರು ರಕ್ತ ತೆಗೆದರು, ಬಾಕಿ ಇದ್ದ ಲಸಿಕೆ ಹಾಕಿದರು. ಟಿಬಿ ಪರೀಕ್ಷೆಗೆ ಮುಂಗೈಗೆ ಸಣ್ಣ ಸೂಜಿ ಚುಚ್ಚಿ, "ಮೂರನೇ ದಿನಕ್ಕೆ ಬಂದು ತೋರಿಸು. ಊದಿದೆಯಾ ಅಂತ ಅಳತೆ ನೋಡಬೇಕು," ಅಂದರು.

ಮೂರನೇ ದಿನ ಓಬಳೇಶ ತುಂಬುತೋಳಿನ ಅಂಗಿ ತೊಟ್ಟು, ಗುಂಡಿ ಬಿಗಿಯಾಗಿ ಹಾಕಿಕೊಂಡು ಬಂದ.

"ಎಲ್ಲಿ, ತೋರಿಸಪ್ಪ," ಅಂದರು ಸಿಸ್ಟರು.

ಓಬಳೇಶ ಒಂದು ಕಾಗದ ಬಿಚ್ಚಿದ. ಅದರ ಮೇಲೆ ತನ್ನ ಕೈಯಿಟ್ಟು ಸುತ್ತ ಗೆರೆ ಎಳೆದಿದ್ದ. ಚುಚ್ಚಿದ ಜಾಗದಲ್ಲಿ ಕೆಂಪು ಪೆನ್ನಿನಿಂದ ಒಂದು ಬೊಟ್ಟು ಇಟ್ಟಿದ್ದ. "ಇಷ್ಟು ಊದಿದೆ ಸಿಸ್ಟರ್, ಅಳತೆ ನೋಡಿ."

ಸಿಸ್ಟರು ಕಾಗದ ನೋಡಿದರು, ಅವನ ಮುಖ ನೋಡಿದರು. "ಕೈ ಎಲ್ಲಪ್ಪ?"

"ಅಂಗಿಯೊಳಗಿದೆ ಸಿಸ್ಟರ್. ಮೈ ತೋರಿಸಬಾರದಂತೆ."

"ಡಾಕ್ಟರ್ ಓದೋ ಹುಡುಗ ನೀನು! ನಾಳೆ ರೋಗಿ ಹೊಟ್ಟೆನೋವು ಅಂತ ಬಂದ್ರೆ ಚಿತ್ರ ಬರಕೊಂಡು ಬಾ ಅಂತೀಯಾ?" ಸಿಸ್ಟರು ತಾವೇ ಗುಂಡಿ ಬಿಚ್ಚಿ, ತೋಳು ಮಡಚಿ, ಅಳತೆ ನೋಡಿ, ವರದಿ ಬರೆದರು. ರಕ್ತದ ವರದಿಯನ್ನೂ ಜೊತೆಗಿಟ್ಟರು. "ಈ ಕಾಗದ ಕಳಕೊಂಡ್ರೆ ಮತ್ತೆ ಮೊದಲಿಂದ ಚುಚ್ಚಿಸ್ಕೋಬೇಕು. ಜೀವ ಹೋದ್ರೂ ಯಾರ ಕೈಗೂ ಕೊಡಬೇಡ."

"ಆಗಲಿ ಸಿಸ್ಟರ್," ಅಂದ ಓಬಳೇಶ.

ಮತ್ತೆ ಬಸ್ಸು. ಮತ್ತೆ ಕಿಟಕಿ. ಮತ್ತೆ ಫಣಿರಾಜ.

"ಕಾಗದ ತಂದ್ಯಾ?"

"ತಂದೆ ಸಾರ್."

"ಕೊಡು."

"ಕೊಡಲ್ಲ ಸಾರ್. ಜೀವ ಹೋದ್ರೂ ಯಾರ ಕೈಗೂ ಕೊಡಬೇಡ ಅಂದಿದ್ದಾರೆ. ಅಲ್ಲಿಂದಲೇ ಓದ್ಕೊಳ್ಳಿ."

ಕಾಗದವನ್ನು ಎದೆಗೆ ಅವಚಿಕೊಂಡು ಎರಡು ಮಾರು ಹಿಂದೆ ನಿಂತ. ಫಣಿರಾಜ ಕಿಟಕಿಯಿಂದ ಕೈ ಚಾಚಿದರು, ಇವನು ಇನ್ನೂ ಹಿಂದೆ ಸರಿದ. ಅವರು ಕನ್ನಡಕ ಏರಿಸಿದರು, ಇಳಿಸಿದರು, ಕೊನೆಗೆ ಕೆಂಡವಾದರು.

"ಅಷ್ಟು ದೂರದಿಂದ ನನಗೆ ಕಾಣೋದು ಒಂದೇ, ಅದರ ಮೇಲೆ ಸೀಲಿಲ್ಲ ಅನ್ನೋದು! ಇಲ್ಲಿ ಸೀಲಿಲ್ಲದ್ದು ಯಾವುದೂ ಒಳಗೆ ಬರಬಾರದು. ತಿಳೀತಾ? ಯಾವುದೂ! ಹೋಗು, ಹಾಕಿಸ್ಕೊಂಡು ಬಂದು ಕೊಡು."

ಸೀಲು ಬೇಕು ಅನ್ನುವುದನ್ನು ಮೊದಲ ಸಲವೇ ಹೇಳಬಹುದಿತ್ತಲ್ಲ? ಹೇಳಲ್ಲ. ಬಡವರ ಮಕ್ಕಳು ಬಸ್ಸಿನಲ್ಲೇ ಮುದುಕರಾಗಲಿ ಅಂತ ಅಲ್ಲವಾ ಈ ಕಿಟಕಿಗಳನ್ನು ಕಟ್ಟಿಸಿರುವುದು?

ಓಬಳೇಶ ಮತ್ತೆ ಸಿಸ್ಟರ ಮುಂದೆ ನಿಂತ. ಅಲ್ಲಿ ಕೂಸು ಎತ್ತಿಕೊಂಡ ತಾಯಂದಿರ ಸಾಲು ಬೀದಿ ತನಕ ಇತ್ತು. ಸಿಸ್ಟರು ಸೀಲನ್ನೂ ಶಾಯಿಪ್ಯಾಡನ್ನೂ ಅವನ ಕಡೆ ತಳ್ಳಿ, "ನೀನೇ ಒತ್ಕೊಂಡು ಹೋಗಿ ಗುಮಾಸ್ತರ ಕೈಗೇ ಕೊಡು ನಮ್ಮಪ್ಪ, ನನಗೆ ಪುರುಸೊತ್ತಿಲ್ಲ," ಅಂದರು.

ಒತ್ತಿಕೊಂಡ. ಕಾಗದಕ್ಕೆ ಒತ್ತಿದ. ಸೀಲಿಲ್ಲದ್ದು ಯಾವುದೂ ಒಳಗೆ ಬರಬಾರದಲ್ಲ, ಅದಕ್ಕೆ ಅಂಗಿಗೆ ಒತ್ತಿದ, ಚೀಲಕ್ಕೆ ಒತ್ತಿದ, ಚಪ್ಪಲಿಗೆ ಒತ್ತಿದ, ಅವ್ವ ಕಟ್ಟಿಕೊಟ್ಟ ಮಂಡಕ್ಕಿ ಪೊಟ್ಟಣಕ್ಕೆ ಒತ್ತಿದ. ಕೊನೆಗೆ ಕನ್ನಡಿ ನೋಡಿಕೊಂಡು ಹಣೆಗೊಂದು ಒತ್ತಿದ.

ಬಸ್ ಸ್ಟ್ಯಾಂಡಿನಲ್ಲಿ ಅವನನ್ನು ಕಂಡ ತಿಪ್ಪಮ್ಮ ಸೆರಗಿನಿಂದ ಹಣೆ ಒರೆಸಲು ಬಂದಳು. ಓಬಳೇಶ ಬಿಡಲಿಲ್ಲ. "ನನ್ನ ಮಗನ್ನ ಹಿಂಗೆ ಕುರಿ ಮಾಡಿದರಲ್ಲಪ್ಪ," ಅಂತ ತಾಯಿ ಅತ್ತೇಬಿಟ್ಟಳು. ಅವಳು ಅತ್ತದ್ದು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಕಿಟಕಿಯಲ್ಲಿ ಫಣಿರಾಜ ಕಾಗದ ಇಸ್ಕೊಂಡು ತಿರುವಿದರು. ಸೀಲಿತ್ತು. ಅಂಗಿ ನೋಡಿದರು. ಸೀಲಿತ್ತು. ಹಣೆ ನೋಡಿ ಕಣ್ಣು ಮುಚ್ಚಿಕೊಂಡರು. ಮೊದಲ ಸಲ ಅವರಿಗೆ ಬೇಡ ಅನ್ನಲು ಏನೂ ಸಿಗಲಿಲ್ಲ.

"ಸರಿ, ಜಾಗ ನಿನ್ನದು. ನಾಳೆ ಪೋಲಿಯೋ ಭಾನುವಾರ, ಬೂತಿನ ಬಾಗಿಲಲ್ಲಿ ನಿನಗೆ ಕೆಲಸ. ನಿನ್ನ ಮೇಲೆ ನನಗೇನೂ ಹಗೆಯಿಲ್ಲ ಕಣಯ್ಯ. ಲಸಿಕೆ ಪುರಾವೆ ಇಲ್ಲದವರನ್ನ ಒಳಗೆ ಬಿಡಬಾರದು. ನಿಯಮ ಅಂದ್ರೆ ನಿಯಮ, ಯಾರಿಗಾದರೂ ಒಂದೇ."

"ಆಗಲಿ ಸಾರ್," ಅಂದ ಓಬಳೇಶ.

ಭಾನುವಾರ ಬೆಳಿಗ್ಗೆ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬಂದರು. ಓಬಳೇಶ ಬಾಗಿಲಿಗೆ ಅಡ್ಡ ನಿಂತು ಒಂದೊಂದು ಕೂಸಿನ ಕಿರುಬೆರಳು ನೋಡಿದ. ಹನಿ ಹಾಕಿಸಿಕೊಂಡ ಮಕ್ಕಳ ಬೆರಳಿಗೆ ಶಾಯಿ ಹಚ್ಚಿರುತ್ತಾರಲ್ಲ, ಅದೇ ಪುರಾವೆ. ಶಾಯಿ ಇಲ್ಲದ ಮಕ್ಕಳನ್ನು ಹೊರಗೆ ನಿಲ್ಲಿಸಿದ. ಬೇರೆ ಬೂತಿನಲ್ಲಿ ಆಗಲೇ ಹಾಕಿಸಿಕೊಂಡು ದಾರಿ ತಪ್ಪಿ ಬಂದ ಎರಡು ಮಕ್ಕಳನ್ನು ಮಾತ್ರ ಕೈಮುಗಿದು ಒಳಗೆ ಬಿಟ್ಟ.

"ಅಲ್ಲಪ್ಪ, ಹಾಕಿಸೋಕೇ ಬಂದಿರೋದು ನಾವು," ಅಂದಳು ಒಬ್ಬ ತಾಯಿ.

"ಹಾಕಿಸ್ಕೊಂಡು ಬನ್ನಿ ಅಕ್ಕ, ಬಿಡ್ತೀನಿ."

ತಾಯಂದಿರು ಗಲಾಟೆ ಎಬ್ಬಿಸಿದರು. ಸುದ್ದಿ ಫಣಿರಾಜರಿಗೂ ಹೋಯಿತು. ಅವರು ಅಲ್ಲಿಂದಲೇ ಓಬಳೇಶನ ಜಾಗ ರದ್ದು ಅಂತ ಆದೇಶ ಬರೆದುಕೊಂಡು ಹೊರಟರು.

ಅಷ್ಟರಲ್ಲಿ ಒಳಗಿನಿಂದ ಬೂತಿನ ಡಾಕ್ಟರು ಸುಲೋಚನಾ ಓಡಿಬಂದರು. "ಏನೋ ಇದು ಅನ್ಯಾಯ? ಹನಿ ಇಲ್ಲಿ, ಮಕ್ಕಳು ಅಲ್ಲಿ! ಪುರಾವೆ ಆಮೇಲಪ್ಪ, ಮೊದಲು ಹನಿ. ತಗೋ ಈ ಸೀಸೆ. ಬಾಗಿಲಿಗೆ ಬಂದು ಬಾಯಿ ತೆರೆದವರಿಗೆ ಎರಡು ಹನಿ ಹಾಕು, ಬೆರಳಿಗೆ ಶಾಯಿ ಹಚ್ಚು, ಒಳಗೆ ಬಿಡು. ಒಬ್ಬರನ್ನ ತಪ್ಪಿಸಿದರೂ ನಿನ್ನ ಜಾಗ ಹೋಯ್ತು ಅಂತ ತಿಳ್ಕೋ."

"ಆಗಲಿ ಮೇಡಂ," ಅಂದ ಓಬಳೇಶ. ಹಾಕಿದ, ಹಚ್ಚಿದ, ಬಿಟ್ಟ. ಹಾಕಿದ, ಹಚ್ಚಿದ, ಬಿಟ್ಟ. ಸಾಲು ಸರಸರ ಕರಗಿತು. ಅವನಷ್ಟು ಅಚ್ಚುಕಟ್ಟಾಗಿ ಆ ಬೂತಿನಲ್ಲಿ ಯಾರೂ ಹನಿ ಹಾಕಿರಲಿಲ್ಲ.

ಸಾಲಿನ ಕೊನೆಗೆ ಫಣಿರಾಜ ಬಂದು ನಿಂತರು. ಆದೇಶದ ಕಾಗದ ಬಿಡಿಸಿದರು, ಕನ್ನಡಕ ಏರಿಸಿದರು, ಗಟ್ಟಿಯಾಗಿ ಓದಲು ಬಾಯಿ ತೆರೆದರು.

ಓಬಳೇಶ ಎರಡು ಹನಿ ಹಾಕಿದ.

ಅವರು ಗುಟುಕರಿಸಿ, ಬಯ್ಯಲು ಮತ್ತೆ ಬಾಯಿ ತೆರೆದರು. ಓಬಳೇಶ ಮತ್ತೆ ಸೀಸೆ ಎತ್ತಿದ. ಫಣಿರಾಜ ಗಬಕ್ಕನೆ ಬಾಯಿ ಮುಚ್ಚಿಕೊಂಡರು. ತಾಯಂದಿರು ನಕ್ಕರು, ಕಂಕುಳಲ್ಲಿದ್ದ ಕೂಸುಗಳು ನಕ್ಕವು, ಡಾಕ್ಟರಮ್ಮನೂ ಗೋಡೆ ಹಿಡಿದುಕೊಂಡು ನಕ್ಕರು. ಸೀಸೆ ಇಳಿಯಲಿಲ್ಲ, ಬಾಯಿ ತೆರೆಯಲಿಲ್ಲ, ಆದೇಶ ಓದಲಾಗಲಿಲ್ಲ.

ಓಬಳೇಶ ಅವರ ಎಡಗೈ ಹಿಡಿದು ಕಿರುಬೆರಳಿಗೆ ಶಾಯಿ ಹಚ್ಚಿದ. ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

"ಒಳಗೆ ಬನ್ನಿ ಸಾರ್, ಈಗ ನಿಮ್ಮದೂ ಪುರಾವೆ ಸರಿಯಾಗಿದೆ."