ಕಿಟಕಿಗೆ ಹಿಡಿಯದ ಸಾಲು

ಶಿಷ್ಯ ಕೇಳಿದ: "ಗುರುಗಳೇ, ಕಣ್ಣಿಗೆ ಕಾಣದ್ದಕ್ಕೂ ಮನುಷ್ಯ ಹೊಣೆಯೇ?"

ಗುರು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಣದ್ರಾಕ್ಷಿ ಕೆಡದಂತೆ ಇಡುವ ತಣ್ಣನೆಯ ಗೋದಾಮು ಇತ್ತು. ಒಳಗೆ ಸಾಲಾಗಿ ಕೋಣೆಗಳು. ಕೋಣೆಗಳನ್ನು ತಣ್ಣಗಿಡುವುದು ಅಮೋನಿಯ. ಅದು ಪೈಪಿನೊಳಗೆ ಇದ್ದರೆ ಕೆಲಸ ಮಾಡುತ್ತದೆ. ಹೊರಗೆ ಬಂದರೆ ಕೊಲ್ಲುತ್ತದೆ.

ಅದನ್ನು ಕಾಯಲು ಒಬ್ಬನಿದ್ದ. ಅವನ ಮುಂದೆ ಒಂದು ಯುನಿಕ್ಸ್ ಕಂಪ್ಯೂಟರು. ಅದರ ಪರದೆಯಲ್ಲಿ ಟರ್ಮಿನಲ್ ಎಂಬ ಕಿಟಕಿ. ಕಿಟಕಿಯಲ್ಲಿ ಒಂದೊಂದು ಕೋಣೆಗೆ ಒಂದೊಂದು ಸಾಲು. ಸಾಲಿನ ತುದಿಗೆ ಒಂದು ಅಂಕಿ. ಅಂಕಿ ಏರಿದರೆ ಗಾಳಿ ಕೆಟ್ಟಿದೆ ಎಂದು ಅರ್ಥ. ಆಗ ಗಂಟೆ ಬಾರಿಸಬೇಕು. ಒಳಗೆ ದ್ರಾಕ್ಷಿ ಆರಿಸುವ ಹೆಂಗಸರು ಹೊರಗೆ ಬರಬೇಕು. ಅವನ ಕೆಲಸ ಇಷ್ಟೇ. ಆ ಹೆಂಗಸರಲ್ಲಿ ಒಬ್ಬಳು ಅವನ ಹೆಂಡತಿ ಶಾವಂತ್ರಿ.

ಅವನಿಗೆ ಕಣ್ಣು ಮಂದವಾಗುತ್ತ ಬಂತು. ಅಕ್ಷರ ದೊಡ್ಡದು ಮಾಡಿಕೊಂಡ. ಅಕ್ಷರ ದೊಡ್ಡದಾದ ಮೇಲೆ ಕಿಟಕಿಗೆ ಮೊದಲಿನಷ್ಟು ಸಾಲು ಹಿಡಿಯುವುದಿಲ್ಲ. ಆದರೆ ಅಂಕಿ ಕಳಿಸುವ ಪ್ರೋಗ್ರಾಮ್ ಇದ್ದದ್ದು ದೂರದ ಇನ್ನೊಂದು ಯಂತ್ರದಲ್ಲಿ. ಕಿಟಕಿ ಸಣ್ಣದಾಯಿತೆಂದು ಅದಕ್ಕೆ ಯಾರೂ ತಿಳಿಸಲಿಲ್ಲ. ಅದು ಹಳೆಯ ಲೆಕ್ಕದಲ್ಲೇ ಬರೆಯಿತು. ಜಾಗ ಮುಗಿದ ಮೇಲೆ ಉಳಿದ ಕೋಣೆಗಳನ್ನೆಲ್ಲ ಕೆಳಗಿನ ಒಂದೇ ಸಾಲಿನ ಮೇಲೆ, ಒಂದರ ಮೇಲೊಂದು ಬರೆಯಿತು. ಉಳಿದವನ್ನು ಮುಚ್ಚಿ ಮೇಲೆ ನಿಂತದ್ದು ಕೊನೆಯ ಕೋಣೆ. ಅದರಲ್ಲಿ ಖಾಲಿ ಪೆಟ್ಟಿಗೆ ಇಡುತ್ತಿದ್ದರು. ಅಲ್ಲಿಗೆ ಪೈಪೇ ಇರಲಿಲ್ಲ. ಅದರ ಅಂಕಿ ಯಾವತ್ತೂ ಏರುತ್ತಿರಲಿಲ್ಲ. ಅಡಿಯಲ್ಲಿ ಮುಚ್ಚಿಹೋದ ಯಾವುದಾದರೂ ಅಂಕಿ ಬದಲಾದರೆ ಆ ಸಾಲನ್ನು ಮತ್ತೆ ಬರೆಯುತ್ತಿತ್ತು.

ಅವನಿಗೆ ಕಂಡದ್ದು ಇಷ್ಟು. ಕೆಳಗಿನ ಸಾಲು ಆಗಾಗ ನಡುಗುತ್ತದೆ.

ರಿಪೇರಿಯವನನ್ನು ಕರೆಸಿದ. ರಿಪೇರಿಯವನು ವೈರು ಬಿಗಿ ಮಾಡಿದ. ಪರದೆಯನ್ನೇ ಬದಲಿಸಿದ. ನಡುಕ ನಿಲ್ಲಲಿಲ್ಲ. ಕೊನೆಗೆ ಕೀಲಿಮಣೆಯಲ್ಲಿ ಒಂದು ಕೀಲಿ ತೋರಿಸಿಕೊಟ್ಟ. ಅದನ್ನು ಒತ್ತಿದರೆ ಪರದೆ ಒರೆಸಿದಂತಾಗಿ ಎಲ್ಲ ಹೊಸದಾಗಿ ಬರೆಯುತ್ತದೆ. "ನಡಗಿದಾಗ ಒತ್ತು. ಹಳೇ ಮಷೀನು, ಹಿಂಗ ಇರತೈತಿ" ಎಂದು ಹೇಳಿ ಹೋದ.

ಅಂದಿನಿಂದ ಸಾಲು ನಡುಗಿದಾಗೆಲ್ಲ ಅವನು ಒರೆಸಿದ. ಕೋಣೆಯ ಹೆಸರು ಓದುವುದನ್ನು ಎಂದೋ ಬಿಟ್ಟಿದ್ದ. ಮೇಲಿನಿಂದ ಕೆಳಗೆ ಅಂಕಿಗಳ ಮೇಲೆ ಕಣ್ಣು ಹಾಯಿಸುವುದು, ಯಾವುದೂ ಏರಿಲ್ಲದಿದ್ದರೆ ಸುಮ್ಮನೆ ಕೂರುವುದು. ಹಾಗೇ ನಡೆಯಿತು.

ಒಂದು ದಿನ ಊಟದ ಹೊತ್ತಿಗೆ ಹೆಂಗಸರೆಲ್ಲ ಹೊರಗೆ ಬಂದರು. ಶಾವಂತ್ರಿ ಗಂಡನ ಬುತ್ತಿ ಹಿಡಿದು ಬಂದಳು. ಅವನು ಕೂತ ಕೋಣೆಯ ಬಾಗಿಲಲ್ಲೇ ನಿಂತಳು.

"ಒಳಗ ಕಣ್ಣ ಉರಿಯಾಕತ್ತಾವ್ರಿ" ಎಂದಳು.

ಅವನು ಪರದೆ ನೋಡಿದ. ಕೆಳಗಿನ ಸಾಲು ನಡುಗುತ್ತಿತ್ತು. ಒರೆಸಿದ. ಮತ್ತೆ ನೋಡಿದ.

"ಒಂದ ಅಂಕಿನೂ ಏರಿಲ್ಲ. ವಾಸನಿ ದಿನಾ ಇರೂದ."

"ಇದು ದಿನಾ ಇರೂ ವಾಸನಿ ಅಲ್ರಿ."

"ಇಷ್ಟ ದೊಡ್ಡ ಮಷೀನಿಗಿಂತ ನಿನ್ನ ಮೂಗು ಶಾಣ್ಯಾ ಏನು?"

ಅವಳು ನಕ್ಕಳು. "ಹಂಗಾರ ಮೂಗಿಗೂ ಒಂದು ಪಗಾರ ಕೊಡಸ್ರಿ" ಎಂದಳು. ಬುತ್ತಿ ಇಟ್ಟಳು. ಅರ್ಧ ಆರಿಸಿದ ಪೆಟ್ಟಿಗೆ ಒಂದು ಉಳಿದಿತ್ತು. ಅದನ್ನು ಮುಗಿಸಿ ಉಣ್ಣುತ್ತೇನೆಂದು ಸೆರಗಿನಿಂದ ಮೂಗು ಕಟ್ಟಿಕೊಂಡು ಒಬ್ಬಳೇ ಒಳಗೆ ಹೋದಳು. ತಂಪು ಹೊರಗೆ ಹೋಗಬಾರದೆಂದು ಆ ಗೋದಾಮಿನಲ್ಲಿ ಒಳಗೆ ಹೋದವರು ಬಾಗಿಲು ಮುಚ್ಚಿಕೊಳ್ಳುತ್ತಾರೆ. ಅವಳೂ ಮುಚ್ಚಿಕೊಂಡಳು.

ಆ ಕೋಣೆಯ ಪೈಪಿನ ಬೆಸುಗೆ ಮೊದಲೇ ಸ್ವಲ್ಪ ಬಿಟ್ಟುಕೊಂಡಿತ್ತು. ಆಗ ಪೂರ್ತಿ ಬಿಟ್ಟಿತು.

ಅವನು ಬುತ್ತಿ ಬಿಚ್ಚಿ ರೊಟ್ಟಿ ಮುರಿಯುತ್ತಿದ್ದ. ಸಾಲು ನಡುಗಿತು. ಒರೆಸಿದ. ಮತ್ತೆ ನಡುಗಿತು. ಎಡಗೈಯಿಂದ ಒರೆಸಿದ.

ವಾಸನೆ ಬಾಗಿಲ ಸಂದಿಯಿಂದ ಹೊರಗೆ ಬಂದಾಗ ಹೆಂಗಸರು ಅತ್ತ ಓಡಿದರು. ಬಾಗಿಲು ತೆಗೆಯಲು ಹೋದರೆ ಅದು ಸರಿಯಲಿಲ್ಲ. ಒಳಗಡೆ ಬಾಗಿಲಿಗೆ ಒರಗಿಕೊಂಡೇ ಅವಳು ಬಿದ್ದಿದ್ದಳು. ತಳ್ಳಿ ತೆಗೆದರು. ಉಸಿರು ಇರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಇನ್ನೊಬ್ಬ ರಿಪೇರಿಯವನು ಬಂದ. ಇವನು ವೈರು ಮುಟ್ಟಲಿಲ್ಲ. ಕಿಟಕಿಯಲ್ಲಿ ಎಷ್ಟು ಸಾಲು ಇವೆ ಎಂದು ಯಂತ್ರವನ್ನೇ ಕೇಳಿದ. ಯಂತ್ರ ಒಂದು ಸಂಖ್ಯೆ ಹೇಳಿತು. ಅವನು ಗಾಜಿನ ಮೇಲೆ ಬೆರಳಿಟ್ಟು ತಾನೇ ಎಣಿಸಿದ. ಕಡಿಮೆ ಇದ್ದವು. ಇದ್ದಷ್ಟನ್ನೇ ಯಂತ್ರಕ್ಕೆ ತಿಳಿಸಿದ. ಅದು ಒಂದೇ ಒಂದು ಸಾಲಿನ ಆಜ್ಞೆ.

ನಡುಕ ನಿಂತಿತು. ಕಿಟಕಿಯ ತಳದಲ್ಲಿ, ಕೆಳಗೆ ಇನ್ನೂ ಇದೆ ಎಂಬ ಬರಹ ಮೂಡಿತು. ಕೀಲಿ ಒತ್ತಿದ. ಮುಚ್ಚಿಹೋಗಿದ್ದ ಸಾಲುಗಳು ಒಂದೊಂದಾಗಿ ಮೇಲೆ ಬಂದವು.

"ಮಷೀನು ಸುಳ್ಳ ಹೇಳಿಲ್ಲರಿ. ಎಲ್ಲಾ ಬರದೈತಿ. ಬರದದ್ದರ ಮ್ಯಾಲ ಬರದೈತಿ, ಅಷ್ಟ" ಎಂದ.

ಕಾಯುವವನು ತನ್ನ ಹೆಂಡತಿಯ ಕೋಣೆಯ ಸಾಲು ಹುಡುಕಿದ. ಹೆಸರನ್ನು ಓದಿದ. ಅಂಕಿ ಇಳಿದಿತ್ತು. ಈಗ ಆ ಕೋಣೆಯ ಗಾಳಿ ಚೆನ್ನಾಗಿತ್ತು.

ಗುರು ಕತೆ ನಿಲ್ಲಿಸಿದರು.

ಶಿಷ್ಯ ಹೇಳಿದ: "ಪಾಪ, ಅವನು ಏನು ಮಾಡಿಯಾನು ಗುರುಗಳೇ? ಆ ಸಾಲು ಅವನಿಗೆ ಕಾಣಲೇ ಇಲ್ಲವಲ್ಲ."

ಗುರು ಹೇಳಿದರು: "ಸಾಲು ಕಾಣಲಿಲ್ಲ ತಮ್ಮಾ, ಅವಳು ಅವನ ಬಾಗಿಲಲ್ಲೇ ನಿಂತಿದ್ದಳು."